1954ರ ಆಡ್ಸಲ್: ಬುಧವಾರ ಸಂಜೆ ಒಂದು ಲಕ್ಷ ಜನ ಎಲ್ಲಿಂದ ಬಂದರು?

ತಿಪಟೂರು_ವಾಸು

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ವಾರಿಂಗ್ಟನ್‌ಗೆ ಬಂದು ಆರು ವರ್ಷ ಆಯಿತು. ಊರಲ್ಲಿದ್ದಾಗ ಕ್ರಿಕೆಟ್ ಬಿಟ್ಟು ಬೇರೆ ಆಟದ ಕಡೆ ತಲೆ ಹಾಕಿದವನಲ್ಲ. ಇಲ್ಲಿ ಬಂದ ಮೇಲೆ ರಗ್ಬಿ ಲೀಗ್ ಹುಚ್ಚು ಹತ್ತಿದೆ. ಈ ಊರೇ ಹಾಗೆ, ಬೇಡ ಅಂದರೂ ಹತ್ತುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, 80 ದಾಟಿದೆ. ಮೊನ್ನೆ ಬೇಲಿ ಹತ್ತಿರ ನಿಂತು ಮಾತಾಡುತ್ತಾ "ನಾನು ಆಡ್ಸಲ್‌ನಲ್ಲಿ ಇದ್ದೆ" ಅಂದರು. ನಾನು ಯಾವುದೋ ಆಸ್ಪತ್ರೆ ಅಂದುಕೊಂಡು "ಈಗ ಹೇಗಿದ್ದೀರಿ?" ಅಂತ ಕೇಳಿಬಿಟ್ಟೆ. ನಕ್ಕು ಸುಸ್ತಾದರು. ಆಮೇಲೆ ಗೊತ್ತಾಯಿತು, ಅದು ಬ್ರಾಡ್‌ಫರ್ಡ್‌ನಲ್ಲಿರುವ ಮೈದಾನ. 1954ರ ಮೇ 5, ಬುಧವಾರ ಸಂಜೆ. ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ನಡುವೆ ಚಾಲೆಂಜ್ ಕಪ್ ಫೈನಲ್ಲಿನ ರೀಪ್ಲೇ, ಅಂದರೆ ಫೈನಲ್ ಸಮ ಆದದ್ದಕ್ಕೆ ಮತ್ತೆ ಆಡಿದ ಪಂದ್ಯ. ಲೆಕ್ಕಕ್ಕೆ ಸಿಕ್ಕ ಜನ 1,02,569. ಲೆಕ್ಕಕ್ಕೆ ಸಿಗದೆ ಬೇಲಿ ಹಾರಿದವರು ಬೇರೆ.

ಆಗ ಈ ವಾರಿಂಗ್ಟನ್‌ನಲ್ಲಿ ಇದ್ದದ್ದೇ ಸುಮಾರು 80 ಸಾವಿರ ಜನ. ಹ್ಯಾಲಿಫ್ಯಾಕ್ಸ್ ಕೂಡ ಒಂದು ಲಕ್ಷದ ಒಳಗಿನ ಊರು. ಅದೂ ಕೆಲಸದ ದಿನ. ಹಾಗಾದರೆ ಇಷ್ಟು ಜನ ಎಲ್ಲಿಂದ ಬಂದರು, ಯಾಕೆ ಬಂದರು?

ಇನ್ನೊಂದು ಪ್ರಶ್ನೆ. ಅಜ್ಜ ಮಾತಾಡುತ್ತಿದ್ದ ಹಾಗೇ ಅಜ್ಜಿ ಅಡುಗೆಮನೆ ಕಿಟಕಿಯಿಂದ "ಡೇನಿಯಲ್ಸ್ ಟ್ರೈ ಹಾಕಿದ್ದ!" ಅಂತ ಕೂಗಿದರು. ಅಜ್ಜಿ ಹ್ಯಾಲಿಫ್ಯಾಕ್ಸ್‌ನವರು. ಅಜ್ಜ ಮುಖ ಆಚೆ ತಿರುಗಿಸಿದರು. ಟ್ರೈ ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು, ಅಷ್ಟು ಗೊತ್ತು. ಆದರೆ ಏನದು ಕಥೆ? ತಿಳಿದವರು ಹೇಳಿ.

ಸ್ಕೋರ್‌ಬುಕ್_ಶಾಸ್ತ್ರಿ

ವಾಸು ಅವರೇ, ಒಳ್ಳೆಯ ಗಣಿಗೇ ಕೈ ಹಾಕಿದ್ದೀರಿ. ಮೊದಲು ಲೆಕ್ಕ.

1953–54ರ ಸೀಸನ್. 30 ಕ್ಲಬ್, ಪ್ರತಿಯೊಂದಕ್ಕೂ 36 ಲೀಗ್ ಪಂದ್ಯ. ಪಟ್ಟಿಯಲ್ಲಿ ಹ್ಯಾಲಿಫ್ಯಾಕ್ಸ್ ಮೊದಲು, ವಾರಿಂಗ್ಟನ್ ಎರಡು. ಆದರೆ ಆಗ ಮೊದಲು ಬಂದವರಿಗೇ ಪಟ್ಟ ಅಂತ ಇರಲಿಲ್ಲ. ಮೇಲಿನ ನಾಲ್ಕು ತಂಡ ಸೆಮಿಫೈನಲ್ ಆಡಬೇಕು, ಗೆದ್ದವರು ಚಾಂಪಿಯನ್‌ಶಿಪ್ ಫೈನಲ್. ಚಾಲೆಂಜ್ ಕಪ್ ಇದಕ್ಕೆ ಸಂಬಂಧವೇ ಇಲ್ಲದ ಬೇರೆ ನಾಕೌಟ್.

ಆ ವರ್ಷ ಎರಡರ ಫೈನಲ್ಲಿಗೂ ಇದೇ ಎರಡು ತಂಡ ಬಂದವು. ಏಪ್ರಿಲ್ 24, ಶನಿವಾರ, ಲಂಡನ್ನಿನ ವೆಂಬ್ಲಿ: 4–4. ಮೇ 5, ಬುಧವಾರ, ಆಡ್ಸಲ್: ವಾರಿಂಗ್ಟನ್ 8, ಹ್ಯಾಲಿಫ್ಯಾಕ್ಸ್ 4. ಮೇ 8, ಶನಿವಾರ, ಮ್ಯಾಂಚೆಸ್ಟರಿನ ಮೇನ್ ರೋಡ್: ವಾರಿಂಗ್ಟನ್ 8, ಹ್ಯಾಲಿಫ್ಯಾಕ್ಸ್ 7. ಹದಿನೈದು ದಿನದಲ್ಲಿ ಮೂರು ಸಲ ಅವೇ ಮುಖಗಳು. ಎರಡು ಕಪ್ಪೂ ವಾರಿಂಗ್ಟನ್‌ಗೆ. ಮೂರು ಪಂದ್ಯ ಕೂಡಿಸಿದರೆ ವ್ಯತ್ಯಾಸ ಐದೇ ಪಾಯಿಂಟ್. ಅಜ್ಜಿ ಕೂಗುವುದರಲ್ಲಿ ತಪ್ಪಿಲ್ಲ.

ಮಳೆ_ಮಂಜು

ಒಂದು ಲಕ್ಷವಾ!! ಚಿನ್ನಸ್ವಾಮಿಗೆ ಎರಡೂವರೆ ಪಟ್ಟು

ಗೋಡಂಬಿ

ರಗ್ಬಿ ಅಂದರೆ 15 ಜನರ ಆಟ ಅಲ್ವಾ, ನ್ಯೂಜಿಲೆಂಡಿನವರು ಕುಣಿದು ಆಡುತ್ತಾರಲ್ಲ ಅದು? ಅದಕ್ಕೆ ಒಂದು ಲಕ್ಷ ಬರುವುದು ಏನು ಆಶ್ಚರ್ಯ.

ಲೀಡ್ಸ್_ಲಕ್ಷ್ಮಿ

> ರಗ್ಬಿ ಅಂದರೆ 15 ಜನರ ಆಟ ಅಲ್ವಾ

ಅಯ್ಯೋ, ಈ ಮಾತು ಇಲ್ಲಿ ಯಾರ ಮುಂದೆಯೂ ಆಡಬೇಡಿ, ಮನೆಯಿಂದ ಹೊರಗೆ ಹಾಕುತ್ತಾರೆ. ಅದು ರಗ್ಬಿ ಯೂನಿಯನ್. ಇದು ರಗ್ಬಿ ಲೀಗ್, 13 ಜನ.

ಬೇರೆಯಾದದ್ದು 1895ರಲ್ಲಿ, ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ. ಜಗಳ ದುಡ್ಡಿನದು. ಉತ್ತರ ಇಂಗ್ಲೆಂಡಿನ ಆಟಗಾರರು ಗಣಿ, ಗಿರಣಿ ಕೆಲಸದವರು. ಆಗ ಶನಿವಾರವೂ ಕೆಲಸ. ಆಡಲು ಹೋದರೆ ಆ ಹೊತ್ತಿನ ಕೂಲಿ ಕಟ್. "ಕಳೆದುಕೊಂಡ ಕೂಲಿಯನ್ನಾದರೂ ಕೊಡಿ" ಅಂತ ಕ್ಲಬ್‌ಗಳು ಕೇಳಿದವು. ದಕ್ಷಿಣದ ದೊಡ್ಡ ಮನುಷ್ಯರು "ದುಡ್ಡು ಮುಟ್ಟಿದರೆ ಆಟ ಮೈಲಿಗೆ" ಅಂದರು. 20ಕ್ಕೂ ಹೆಚ್ಚು ಕ್ಲಬ್‌ಗಳು ಎದ್ದು ಬಂದವು. 1906ರಲ್ಲಿ ತಂಡವನ್ನು 13ಕ್ಕೆ ಇಳಿಸಿದರು. ಆವತ್ತಿನಿಂದ ದಾಯಾದಿಗಳು. ಲೀಗ್ ಆಡಿದವನನ್ನು ಯೂನಿಯನ್‌ನವರು ಮತ್ತೆ ಒಳಗೆ ಬಿಡುತ್ತಿರಲಿಲ್ಲ, 1995ರ ತನಕ ಹೆಚ್ಚೂ ಕಡಿಮೆ ಹೀಗೇ ನಡೆಯಿತು.

ಹಾಗಾಗಿ ಆಡ್ಸಲ್ ಅಂದರೆ ಸುಮ್ನೆ ಒಂದು ಪಂದ್ಯ ಅಲ್ಲ. ಗಣಿ ಗಿರಣಿ ಜನರ ಜಾತ್ರೆ ಅದು.

ಕಬಡ್ಡಿ_ಕಿಟ್ಟಿ

13 ಜನ, ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವುವುದು, ಗೆರೆ ದಾಟಿದರೆ ಪಾಯಿಂಟ್. ಇದು ನಮ್ಮ ಕಬಡ್ಡಿಯೇ, ಕೈಗೆ ಒಂದು ಚೆಂಡು ಕೊಟ್ಟಿದ್ದಾರೆ ಅಷ್ಟೇ 😀

ಆದರೆ 4–4 ಅಂದರೆ ಏನು ಸ್ವಾಮಿ? 80 ನಿಮಿಷ ಆಡಿ ನಾಲ್ಕು ಪಾಯಿಂಟಾ? ಇಂಥದ್ದರ ರೀಪ್ಲೇ ನೋಡಲು ಲಕ್ಷ ಜನ ಹೋದರು ಅಂದರೆ ಅವರಿಗೆ ಬೇರೆ ಕೆಲಸ ಇರಲಿಲ್ಲ ಅಂತ ಅರ್ಥ.

ಸ್ಕೋರ್‌ಬುಕ್_ಶಾಸ್ತ್ರಿ

ಕಿಟ್ಟಿ, ನೀವು ತಮಾಷೆಗೆ ಹೇಳಿದ್ದು ಅರ್ಧ ನಿಜ. ಕಬಡ್ಡಿಯಲ್ಲಿ ಖಾಲಿ ರೈಡ್ ಹೊಡೆದುಕೊಂಡೇ ಕಾಲ ಕಳೆಯುತ್ತಾರೆ ಅಂತ ಮೂರನೇ ರೈಡಿಗೆ ಮಾಡು ಇಲ್ಲ ಮಡಿ ನಿಯಮ ತಂದರಲ್ಲ? ರಗ್ಬಿ ಲೀಗಿನಲ್ಲೂ ಅದೇ ರೋಗ ಇತ್ತು. 1954ರಲ್ಲಿ ಟ್ಯಾಕಲ್‌ಗೆ ಮಿತಿಯೇ ಇಲ್ಲ. ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾನೆ, ಇನ್ನೊಬ್ಬ ಎತ್ತಿಕೊಂಡು ನುಗ್ಗುತ್ತಾನೆ, ಬೀಳುತ್ತಾನೆ, ಮತ್ತೆ ಎದ್ದು ಅದೇ. ಚೆಂಡು ಜಾರುವ ತನಕ ಒಂದೇ ತಂಡದ ಕೈಯಲ್ಲಿ ಇರಬಹುದು. ನಾಲ್ಕು ಟ್ಯಾಕಲ್ ಮಿತಿ ಬಂದದ್ದು 1966ರಲ್ಲಿ, ಅದು ಆರಕ್ಕೆ ಏರಿದ್ದು 1972ರಲ್ಲಿ.

ಹ್ಯಾಲಿಫ್ಯಾಕ್ಸಿನ ಫಾರ್ವರ್ಡ್‌ಗಳು ಇಂಥ ಆಟಕ್ಕೆ ಹೇಳಿ ಮಾಡಿಸಿದ ಗಟ್ಟಿ ಆಳುಗಳು. ನಾಯಕ ಆಲ್ವಿನ್ ಆಕರ್ಲಿ ಹುಕರ್, ಅಂದರೆ ಸ್ಕ್ರಮ್ಮಿನ (ಎರಡೂ ತಂಡದವರು ತಲೆ ಬಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಗುಂಪು) ನಡುವೆ ನಿಂತು ಕಾಲಲ್ಲಿ ಚೆಂಡು ಎಳೆದುಕೊಳ್ಳುವವನು. ಆಗ ಸ್ಕ್ರಮ್ ಗೆದ್ದವನದೇ ಚೆಂಡು, ಚೆಂಡಿದ್ದವನದೇ ಆಟ. ವೆಂಬ್ಲಿಯಲ್ಲಿ ಎರಡೂ ಕಡೆ ಒಂದೂ ಟ್ರೈ ಬರಲಿಲ್ಲ. ವಾರಿಂಗ್ಟನ್‌ಗೆ ಹ್ಯಾರಿ ಬಾತ್ ಎರಡು ಗೋಲು ಒದ್ದ, ಹ್ಯಾಲಿಫ್ಯಾಕ್ಸ್‌ಗೆ ಟಸ್ ಗ್ರಿಫಿತ್ಸ್ ಎರಡು. ಗೋಲಿಗೆ, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದರೆ, ಎರಡು ಪಾಯಿಂಟ್, ಟ್ರೈಗೆ ಆಗ ಮೂರೇ. ವೆಂಬ್ಲಿಯ ಚಾಲೆಂಜ್ ಕಪ್ ಫೈನಲ್ ಸಮ ಆದದ್ದು ಅದೇ ಮೊದಲು. 81,841 ಜನ ರೈಲು ಹತ್ತಿ ಲಂಡನ್ನಿಗೆ ಹೋಗಿ ಇದನ್ನು ನೋಡಿ ಬಂದರು.

ಕಬಡ್ಡಿ_ಕಿಟ್ಟಿ

ಖಾಲಿ ರೈಡ್ ಹೋಲಿಕೆ ಒಪ್ಪಿದೆ. ಶಾಸ್ತ್ರಿಗಳಿಗೆ ಒಂದು ಬೋನಸ್ ಪಾಯಿಂಟ್.

ಬ್ರಾಡ್‌ಫರ್ಡ್_ಭಟ್ಟ

ನಾನು ಬ್ರಾಡ್‌ಫರ್ಡಿನಲ್ಲಿ 14 ವರ್ಷದಿಂದ ಇದ್ದೇನೆ, ಆಡ್ಸಲ್ ಮನೆಯಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಜನ ಎಲ್ಲಿಂದ ಬಂದರು ಅಂತ ಕೇಳುವ ಮೊದಲು ಅಷ್ಟು ಜನ ಎಲ್ಲಿ ನಿಂತರು ಅಂತ ಕೇಳಬೇಕು.

ಆಡ್ಸಲ್ ಅಂದರೆ ಸ್ಟೇಡಿಯಂ ಅಲ್ಲ, ಒಂದು ದೊಡ್ಡ ಹೊಂಡ. ಊರಿನ ಕಸ ಸುರಿದು ಸುರಿದು ಸುತ್ತ ದಿಬ್ಬ ಮಾಡಿ, ಆ ದಿಬ್ಬವನ್ನೇ ಜನ ನಿಲ್ಲುವ ಜಾಗ ಮಾಡಿದರು. 1934ರಲ್ಲಿ ಆಟ ಶುರು. ರಸ್ತೆಯಲ್ಲಿ ನಿಂತರೆ ಮೈದಾನ ಕಾಲ ಕೆಳಗೆ ಎಲ್ಲೋ ಕಾಣುತ್ತದೆ. ಆಟಗಾರರ ಕೋಣೆ ಮೇಲೆ, ಮೈದಾನ ಕೆಳಗೆ. ಆಡುವವರು ಜನರ ನಡುವೆಯೇ ಇಳಿಜಾರು ಇಳಿದು ಹೋಗಬೇಕು. ಸೋತರೆ ಅದೇ ಇಳಿಜಾರು ಹತ್ತಿ ವಾಪಸ್ ಬರಬೇಕು, ಹ್ಯಾಲಿಫ್ಯಾಕ್ಸ್‌ನವರಿಗೆ ಆವತ್ತು ಹೇಗಿದ್ದಿರಬಹುದು ಯೋಚಿಸಿ.

ಗಾಳಿ ವಿಷಯ ಹೇಳಲೇಬೇಕು. ಜೂನ್ ತಿಂಗಳಲ್ಲೂ ಅಲ್ಲಿ ಸ್ವೆಟರ್ ಬೇಕು. ನಮ್ಮ ಮಾವ ಶಿರಸಿಯಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟೆ ಆಟ ನೋಡಿ "ಇದು ಆಟ ನೋಡುವ ಜಾಗ ಅಲ್ಲ, ಅಡಿಕೆ ಒಣಗಿಸುವ ಜಾಗ" ಅಂದರು. ಬಿಸಿಲು ಎಲ್ಲಿ ಮಾವ ಅಂದೆ, ಗಾಳಿಯೇ ಸಾಕು ಅಂದರು.

ಗೋಡಂಬಿ

ಬ್ರಾಡ್‌ಫರ್ಡ್ ಅಂದರೆ ಬೆಂಕಿ ಬಿದ್ದು ಜನ ಸತ್ತರಲ್ಲ, ಅದೇ ಮೈದಾನವಾ?

ಬ್ರಾಡ್‌ಫರ್ಡ್_ಭಟ್ಟ

ಅಲ್ಲ, ಗೋಡಂಬಿ. ಅದು ವ್ಯಾಲಿ ಪರೇಡ್, ಫುಟ್‌ಬಾಲ್ ಮೈದಾನ, 1985ರ ಮೇ 11. 56 ಜನ ಹೋದರು. ಬೇರೆ ಜಾಗ, ಬೇರೆ ಆಟ. ಈ ಊರಿನಲ್ಲಿ ಆ ದಿನವನ್ನು ಈಗಲೂ ತಮಾಷೆ ಬಿಟ್ಟು ನೆನೆಯುತ್ತಾರೆ.

ಹುಬ್ಬಳ್ಳಿ_ಹುಲಿ

ಅಲ್ರೀ, ಸಾವಿನ ಮಾತು ಬಂತು ಅಂತ ಕೇಳುತ್ತೇನೆ. ಒಂದು ಲಕ್ಷ ಜನ, ಕಸದ ದಿಬ್ಬ, ಮುರಿದ ಬೇಲಿ. ಆಡ್ಸಲ್‌ನಲ್ಲಿ ಕಾಲ್ತುಳಿತ ಆಗಲಿಲ್ವಾ? 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಹೊರಗೆ 11 ಜನ ಹೋದದ್ದು ನೋಡಿದ ಮೇಲೆ ಇಂಥ ಸಂಖ್ಯೆ ಕೇಳಿದರೆ ನನಗೆ ಖುಷಿ ಆಗುವುದಿಲ್ಲ, ಹೊಟ್ಟೆಯಲ್ಲಿ ಏನೋ ಆಗುತ್ತದೆ. "ಬೇಲಿ ಹಾರಿದವರು ಬೇರೆ" ಅಂತ ನಗುತ್ತಾ ಹೇಳುವ ವಿಷಯ ಅಲ್ಲ ಇದು.

ಲೀಡ್ಸ್_ಲಕ್ಷ್ಮಿ

ಹುಲಿ ಹೇಳಿದ್ದು ಸರಿ. ಅದಕ್ಕೆ ಎಂಟು ವರ್ಷ ಮೊದಲು, 1946ರ ಮಾರ್ಚ್‌ನಲ್ಲಿ, ಬೋಲ್ಟನ್ನಿನ ಬರ್ಂಡನ್ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಇದೇ ರೀತಿ ಜನ ನುಗ್ಗಿ 33 ಮಂದಿ ಸತ್ತಿದ್ದರು. ಬೋಲ್ಟನ್ ವಾರಿಂಗ್ಟನ್‌ಗೆ ಹತ್ತಿರದ ಊರು. ಗೊತ್ತಿದ್ದೂ ಆಡ್ಸಲ್‌ಗೆ ಅಷ್ಟು ಜನರನ್ನು ಬಿಟ್ಟರು. ಅಲ್ಲಿ ಬರ್ಂಡನ್ ಪಾರ್ಕ್ ಮತ್ತೆ ಆಗಲಿಲ್ಲ, ಅದು ಅದೃಷ್ಟ. ಹೊಂಡದ ಆಕಾರ ಉಳಿಸಿತೋ ಏನೋ, ಒತ್ತಿದರೂ ಇಳಿಜಾರಿನಲ್ಲಿ ಹರಡಿಕೊಳ್ಳಲು ಜಾಗ ಇತ್ತು. ಇದು ನನ್ನ ಊಹೆ ಮಾತ್ರ.

ತಿಪಟೂರು_ವಾಸು

ಹುಲಿ, ಕ್ಷಮಿಸಿ, ಆ ಅರ್ಥದಲ್ಲಿ ಬರೆದದ್ದಲ್ಲ. ಆದರೆ ನಿಮ್ಮ ಮಾತು ನಿಜ.

ಹುಬ್ಬಳ್ಳಿ_ಹುಲಿ

ನಿಮಗೆ ಹೇಳಿದ್ದಲ್ಲ ವಾಸು, ಮುಂದುವರಿಸಿ. ನನಗೂ ಆ ಅಜ್ಜಿಯ ಕಥೆ ಬೇಕು.

ಲೀಡ್ಸ್_ಲಕ್ಷ್ಮಿ

ಯಾಕೆ ಬಂದರು ಅನ್ನುವುದಕ್ಕೆ ನನ್ನ ಉತ್ತರ, ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಯುದ್ಧ ಮುಗಿದ ಮೇಲಿನ ಇಂಗ್ಲೆಂಡ್ ನಾವು ಸಿನಿಮಾದಲ್ಲಿ ನೋಡುವ ಹಾಗೆ ಇರಲಿಲ್ಲ. 1954ರ ಮೇ ತಿಂಗಳಲ್ಲೂ ಮಾಂಸಕ್ಕೆ ರೇಷನ್ ಇತ್ತು. ರೇಷನ್ ಪೂರ್ತಿ ಹೋದದ್ದು ಆ ವರ್ಷ ಜುಲೈ 4ಕ್ಕೆ, ಯುದ್ಧ ಮುಗಿದು ಒಂಬತ್ತು ವರ್ಷ ಆದ ಮೇಲೆ! ಆದರೆ ಕೆಲಸ ಎಲ್ಲರಿಗೂ ಇತ್ತು. ಕೈಯಲ್ಲಿ ನಾಲ್ಕು ಕಾಸು ಇದೆ, ಖರ್ಚು ಮಾಡಲು ಅಂಗಡಿಯಲ್ಲಿ ಸಾಮಾನಿಲ್ಲ. ಟಿವಿ ಇನ್ನೂ ಎಲ್ಲರ ಮನೆಗೆ ಬಂದಿಲ್ಲ. ಶನಿವಾರ ಮಧ್ಯಾಹ್ನ ಆದರೆ ಗಂಡಸರು ಟೋಪಿ ಹಾಕಿಕೊಂಡು ಮೈದಾನಕ್ಕೆ. 1949–50ರ ಸೀಸನ್‌ನಲ್ಲಿ ರಗ್ಬಿ ಲೀಗ್ ನೋಡಲು ಬಂದವರ ಒಟ್ಟು ಲೆಕ್ಕ 70 ಲಕ್ಷದ ಹತ್ತಿರ. ಆ ಆಟ ಆಡುತ್ತಿದ್ದದ್ದು ಮೂರು ನಾಲ್ಕು ಜಿಲ್ಲೆ ಅಷ್ಟೇ, ನೆನಪಿರಲಿ.

ಆಮೇಲೆ ವೆಂಬ್ಲಿ ದೂರ. ಟಿಕೆಟ್, ರೈಲು, ಊಟ, ಒಂದು ದಿನದ ಖರ್ಚು. ಹೋಗಲು ಆಗದೆ ಮನೆಯಲ್ಲಿ ಉಳಿದವರಿಗೆ ರೀಪ್ಲೇ ಕಾಲ ಬುಡಕ್ಕೇ ಬಂತು. ಹ್ಯಾಲಿಫ್ಯಾಕ್ಸಿನಿಂದ ಆಡ್ಸಲ್‌ಗೆ ಎಂಟು ಮೈಲಿಯೂ ಇಲ್ಲ. ಇನ್ನು ಬ್ರಾಡ್‌ಫರ್ಡ್, ಲೀಡ್ಸ್, ಹಡರ್ಸ್‌ಫೀಲ್ಡ್, ವೇಕ್‌ಫೀಲ್ಡ್ ಎಲ್ಲವೂ ಇದೇ ಆಟದ ಊರುಗಳು. ಅಕ್ಕಪಕ್ಕದವರೆಲ್ಲ "ನಮ್ಮ ತಂಡ ಅಲ್ಲದಿದ್ದರೆ ಏನಂತೆ, ಬಾ ಹೋಗೋಣ" ಅಂತ ಹೊರಟರು. ವಾಸು, ಆ ಲಕ್ಷದಲ್ಲಿ ನಿಮ್ಮ ಎರಡು ಊರಿನವರಷ್ಟೇ ಅಲ್ಲ, ಪೂರ್ತಿ ಸೀಮೆಯೇ ಇತ್ತು.

ಮಳೆ_ಮಂಜು

ಜಾತ್ರೆಗೆ ಬರುವವರೆಲ್ಲ ತೇರು ಎಳೆಯುವವರಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಕಡಲೆಪುರಿ ತಿನ್ನಲು ಬಂದವರೇ ಜಾಸ್ತಿ.

ಗೋಡಂಬಿ

ಸರಿ ಹಾಗಾದರೆ ಆ ಡೇನಿಯಲ್ಸ್ ಯಾರು? ಎಲ್ಲರೂ ಜಿಲ್ಲೆ, ರೇಷನ್ ಅಂತ ಹೋಗಿ ಅಜ್ಜಿಯನ್ನು ಮರೆತಿರಿ.

ಸ್ಕೋರ್‌ಬುಕ್_ಶಾಸ್ತ್ರಿ

ಆರ್ಥರ್ ಡೇನಿಯಲ್ಸ್. ಹ್ಯಾಲಿಫ್ಯಾಕ್ಸಿನ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡುವವನು, ವೇಲ್ಸ್‌ನವನು.

ಪಂದ್ಯ ಹೀಗೆ. ಮೊದಲ ಅರ್ಧದಲ್ಲೇ ವಾರಿಂಗ್ಟನ್‌ನ ಜಿಮ್ ಚಾಲಿನರ್ ಟ್ರೈ ಹಾಕಿದ. ಗ್ರಿಫಿತ್ಸ್ ಎರಡು ಪೆನಾಲ್ಟಿ ಗೋಲು ಒದ್ದ. ಬಾತ್ ಕಾಲಿಂದ ಒಂದು ಬಂತು. ಕೊನೆಗೆ ವಾರಿಂಗ್ಟನ್ನಿನ ಸ್ಕ್ರಮ್ ಹಾಫ್ (ಸ್ಕ್ರಮ್ಮಿನಿಂದ ಹೊರಬಂದ ಚೆಂಡು ಎತ್ತಿಕೊಳ್ಳುವವನು) ಜೆರಿ ಹೆಲ್ಮ್ ಇನ್ನೊಂದು ಟ್ರೈ ಹಾಕಿದ. 3, 2, 3, ಒಟ್ಟು 8. ಆ ಪಂದ್ಯದ ಅತ್ಯುತ್ತಮ ಆಟಗಾರನಿಗೆ ಕೊಡುವ ಲ್ಯಾನ್ಸ್ ಟಾಡ್ ಟ್ರೋಫಿಯೂ ಹೆಲ್ಮ್‌ಗೇ. 1950ರಲ್ಲೂ ಅವನಿಗೇ ಬಂದಿತ್ತು, ಎರಡು ಸಲ ಪಡೆದ ಮೊದಲಿಗ.

ಡೇನಿಯಲ್ಸ್ ಗೆರೆ ದಾಟಿದ, ಚೆಂಡು ನೆಲಕ್ಕೆ ಮುಟ್ಟಿಸಿದೆ ಅಂದ. ರೆಫರಿ ರಾನ್ ಗೆಲ್ಡರ್ ಕೊಡಲಿಲ್ಲ. ಅಷ್ಟೇ ಕಥೆ. ವಿಡಿಯೋ ರೆಫರಿ ಇಲ್ಲ, ನಾಲ್ಕು ಕೋನದ ಕ್ಯಾಮೆರಾ ಇಲ್ಲ. ಕೊಟ್ಟಿದ್ದರೆ ಮೂರು ಪಾಯಿಂಟ್, ಟ್ರೈ ಆದ ಮೇಲೆ ಒದೆಯುವ ಗೋಲು ಸೇರಿದರೆ ಐದು. 8–4ರ ಪಂದ್ಯದಲ್ಲಿ ಐದು ಪಾಯಿಂಟ್ ಅಂದರೆ ಏನು ಅಂತ ನಾನು ಹೇಳಬೇಕಿಲ್ಲ.

ಧಾರವಾಡ_ಪೇಡಾ

ಅಂದರೆ ಹ್ಯಾಲಿಫ್ಯಾಕ್ಸ್‌ಗೆ ಮೋಸ ಆಯಿತು. ಅಜ್ಜಿ ಸರಿ. ಥ್ರೆಡ್ ಮುಗಿಯಿತು.

ತಿಪಟೂರು_ವಾಸು

ಮೋಸ ಅಂತ ಹೇಗೆ ಹೇಳುತ್ತೀರಿ? ವಾರಿಂಗ್ಟನ್ ಎರಡು ಟ್ರೈ ಹಾಕಿತು, ಹ್ಯಾಲಿಫ್ಯಾಕ್ಸ್ ಎರಡು ಫೈನಲ್ ಸೇರಿ 160 ನಿಮಿಷದಲ್ಲಿ ಒಂದೂ ಇಲ್ಲ.

ಧಾರವಾಡ_ಪೇಡಾ

"ಒಂದೂ ಇಲ್ಲ" ಯಾಕೆ ಅಂದರೆ ಹಾಕಿದ್ದನ್ನು ಕೊಡಲಿಲ್ಲ! ಅದೇ ತಾನೇ ಜಗಳ. ಮತ್ತೆ ಮೂರು ದಿನ ಬಿಟ್ಟು ಮೇನ್ ರೋಡಿನಲ್ಲಿ ಏನಾಯಿತು? ಹ್ಯಾಲಿಫ್ಯಾಕ್ಸ್ ಟ್ರೈ ಹಾಕಿತು, ನಿಮ್ಮ ವಾರಿಂಗ್ಟನ್ ಹಾಕಲಿಲ್ಲ. ಬಾತ್ ನಾಲ್ಕು ಗೋಲು ಒದ್ದು 8–7. ಟ್ರೈ ಲೆಕ್ಕವೇ ನ್ಯಾಯ ಅನ್ನುವುದಾದರೆ ಆ ಕಪ್ ವಾಪಸ್ ಕೊಡಿ.

ಕಬಡ್ಡಿ_ಕಿಟ್ಟಿ

ಪೇಡಾ ಸಿಹಿ ಅಂದುಕೊಂಡಿದ್ದೆ, ಖಾರ ಇದೆ.

ಸ್ಕೋರ್‌ಬುಕ್_ಶಾಸ್ತ್ರಿ

ಇಬ್ಬರೂ ಸ್ವಲ್ಪ ನಿಲ್ಲಿ. ಮೋಸ ಅನ್ನಲು ನನಗೆ ಮನಸ್ಸಿಲ್ಲ, ಆದರೆ ಹ್ಯಾಲಿಫ್ಯಾಕ್ಸಿನ ಹಣೆಬರಹ ಮಾತ್ರ ಯಾರಿಗೂ ಬೇಡ. 1953ರಲ್ಲಿ ಇದೇ ಮೇನ್ ರೋಡಿನಲ್ಲಿ ಚಾಂಪಿಯನ್‌ಶಿಪ್ ಫೈನಲ್, ಸೇಂಟ್ ಹೆಲೆನ್ಸ್ ಎದುರು 24–14 ಸೋಲು. 1954ರಲ್ಲಿ ಎರಡೂ ಸೋಲು. 1956ರಲ್ಲಿ ಮತ್ತೆ ಎರಡೂ ಫೈನಲ್: ಕಪ್‌ನಲ್ಲಿ ಸೇಂಟ್ ಹೆಲೆನ್ಸ್ ಎದುರು 13–2, ಚಾಂಪಿಯನ್‌ಶಿಪ್‌ನಲ್ಲಿ ಹಲ್ ಎದುರು 10–9. ಒಂದು ಪಾಯಿಂಟ್! ನಾಲ್ಕು ವರ್ಷದಲ್ಲಿ ಐದು ದೊಡ್ಡ ಫೈನಲ್, ಐದೂ ಹೋಯಿತು. ಅದೂ ಆ ಕಾಲದ ಅತಿ ಗಟ್ಟಿ ತಂಡಗಳಲ್ಲಿ ಒಂದಾಗಿದ್ದುಕೊಂಡು.

ಮಳೆ_ಮಂಜು

ಈ ಸಲ ಕಪ್ ನಮ್ದೇ, ಹ್ಯಾಲಿಫ್ಯಾಕ್ಸ್ ಶಾಖೆ

ತಿಪಟೂರು_ವಾಸು

ಮಂಜು, ಆ ಮಾತಿನ ಇಂಗ್ಲಿಷ್ ಶಾಖೆ ಇರುವುದು ನಮ್ಮ ವಾರಿಂಗ್ಟನ್‌ನಲ್ಲಿ ಮಾರಾಯ! ಇಲ್ಲಿ ಪ್ರತಿ ಫೆಬ್ರವರಿಗೆ "ಈ ವರ್ಷ ನಮ್ಮದೇ" ಅಂತ ಶುರು ಮಾಡುತ್ತಾರೆ, ಬೇರೆ ಊರಿನವರು ಅದನ್ನೇ ಆಡಿಕೊಂಡು ನಗುತ್ತಾರೆ. 1954 ಗೆದ್ದರು, 1955ರಲ್ಲಿ ಓಲ್ಡಮ್ ಎದುರು 7–3ರಿಂದ ಮತ್ತೆ ಗೆದ್ದರು. ಲೀಗ್ ಪಟ್ಟ ಅದೇ ಕೊನೆ. ಆಮೇಲೆ ಬಂದೇ ಇಲ್ಲ. 2012, 2013, 2016, 2018, ನಾಲ್ಕು ಗ್ರ್ಯಾಂಡ್ ಫೈನಲ್ (ಈಗ ಲೀಗ್ ಪಟ್ಟ ನಿರ್ಧರಿಸುವ ಪಂದ್ಯ) ಸೋಲು. ಕಪ್ ಮಾತ್ರ ಆಗಾಗ ಬಂದಿದೆ. ನಾನು 18 ವರ್ಷ ಬೆಂಗಳೂರು ತಂಡಕ್ಕೆ ಕಾದು ಬಂದವನು, ನನಗೆ ಈ ಊರು ಯಾಕೆ ಹೊಂದಿಕೊಂಡಿತು ಅಂತ ಈಗ ಗೊತ್ತಾಗಿರಬೇಕು.

ಮಾಡರೇಟರ್

ಐಪಿಎಲ್ ಮಾತು ಕ್ರಿಕೆಟ್ ವಿಭಾಗಕ್ಕೆ. ಮಂಜು, ಇದು ನಿಮಗೇ.

ಮಳೆ_ಮಂಜು

ಶುರು ಮಾಡಿದ್ದು ನಾನಾ?!

ಮಾಡರೇಟರ್

ಹೌದು.

ಕಾರ್ಕಳ_ಕಾಮತ್

ತಡವಾಗಿ ಬಂದೆ. ಎಲ್ಲರೂ ಡೇನಿಯಲ್ಸ್, ಹೆಲ್ಮ್ ಅಂತೀರಿ, ಆ ಸೀಸನ್ ಅಂದರೆ ಬ್ರಯಾನ್ ಬೆವನ್ ಹೆಸರು ಬರಲೇ ಇಲ್ವಲ್ಲ! ವಾರಿಂಗ್ಟನ್‌ನವನೇ, ವಾಸು ಅವರೇ, ನಿಮ್ಮ ಮೈದಾನದ ಹತ್ತಿರ ಪ್ರತಿಮೆ ಇದೆ.

ಆಸ್ಟ್ರೇಲಿಯಾದವನು. ಯುದ್ಧದ ಹಡಗಿನಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸ. 1945ರಲ್ಲಿ ಹಡಗು ಇಂಗ್ಲೆಂಡಿಗೆ ರಿಪೇರಿಗೆ ಬಂತು, ಇವನು ಲೀಡ್ಸ್ ಕ್ಲಬ್ಬಿಗೆ ಹೋಗಿ ಆಡುತ್ತೇನೆ ಅಂದ. ಅವರು ಮೇಲಿಂದ ಕೆಳಗೆ ನೋಡಿ ಬೇಡ ಅಂದರು. ಹಳೆಯ ಫೋಟೋ ನೋಡಿ, ತಪ್ಪು ಅವರದು ಅನ್ನಿಸುವುದಿಲ್ಲ: ಕಡ್ಡಿ ದೇಹ, ಬೋಳು ತಲೆ, ಬಾಯಲ್ಲಿ ಹಲ್ಲಿಲ್ಲ, ಮೊಣಕಾಲಿಗೆ ಬ್ಯಾಂಡೇಜ್. ಬ್ಯಾಂಕಿನ ಸರದಿಯಲ್ಲಿ ನಿಂತಿದ್ದರೆ ಪಿಂಚಣಿಗೆ ಬಂದವರು ಅಂದುಕೊಳ್ಳಬೇಕು. ವಾರಿಂಗ್ಟನ್ ತೆಗೆದುಕೊಂಡಿತು. ಅವನು ಒಟ್ಟು 796 ಟ್ರೈ ಹಾಕಿದ. ಇವತ್ತಿಗೂ ಆ ಲೆಕ್ಕದ ಹತ್ತಿರ ಯಾರೂ ಇಲ್ಲ. 1953–54ರ ಒಂದೇ ಸೀಸನ್‌ನಲ್ಲಿ 67.

ತಮಾಷೆ ಏನಂದ್ರೆ ಇಂಥವನು ವೆಂಬ್ಲಿಯಲ್ಲೂ ಹಾಕಲಿಲ್ಲ, ಆಡ್ಸಲ್‌ನಲ್ಲೂ ಹಾಕಲಿಲ್ಲ, ಮೇನ್ ರೋಡಿನಲ್ಲೂ ಇಲ್ಲ. ಹ್ಯಾಲಿಫ್ಯಾಕ್ಸ್ ಅವನನ್ನು ಅಷ್ಟು ಬಿಗಿಯಾಗಿ ಕಟ್ಟಿಹಾಕಿತು. ಆ ಮೂರು ಪಂದ್ಯಗಳಲ್ಲಿ ಹ್ಯಾಲಿಫ್ಯಾಕ್ಸ್ ಮಾಡಿದ ದೊಡ್ಡ ಕೆಲಸ ಅದು, ಆದರೆ ಅದಕ್ಕೆ ಯಾರೂ ಪಾಯಿಂಟ್ ಕೊಡುವುದಿಲ್ಲ.

ಧಾರವಾಡ_ಪೇಡಾ

ಕಾಮತರೇ ಕೊನೆಗೂ ಒಬ್ಬರು ನಮ್ಮ ಕಡೆ ಬಂದಿರಿ.

ಕಾರ್ಕಳ_ಕಾಮತ್

ನಾನು ಬೆವನ್ ಕಡೆ. ಹ್ಯಾಲಿಫ್ಯಾಕ್ಸ್ ಕಡೆ ಅಲ್ಲ.

ಲೀಡ್ಸ್_ಲಕ್ಷ್ಮಿ

ವಿಂಗರ್ ಮಾತು ಬಂತಲ್ಲ, ಆ ಸೀಸನ್ನಿನ ಇನ್ನೊಂದು ಮುಖ್ಯ ಘಟನೆ ಇದಕ್ಕಿಂತ ಆರು ತಿಂಗಳು ಮೊದಲು ನಡೆದಿತ್ತು. 1953ರ ನವೆಂಬರಿನಲ್ಲಿ ವಿಗಾನ್ ತಂಡಕ್ಕೆ ಬಿಲ್ಲಿ ಬಾಸ್ಟನ್ ಬಂದ. ಕಾರ್ಡಿಫ್ ಬಂದರಿನ ಹುಡುಗ, ಕಪ್ಪು ಜನಾಂಗದವನು, 19 ವರ್ಷ. ಬೆರಳೆಣಿಕೆಯಷ್ಟು ಪಂದ್ಯ ಆಡಿದ್ದ, ಅಷ್ಟಕ್ಕೇ 1954ರ ಬ್ರಿಟನ್ ತಂಡದಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ. ಆ ಪ್ರವಾಸದಲ್ಲಿ 36 ಟ್ರೈ. ಇಂಥ ಪ್ರವಾಸಕ್ಕೆ ಹೋದ ಮೊದಲ ಕಪ್ಪು ಆಟಗಾರ. 2025ರಲ್ಲಿ ಸರ್ ಪದವಿ ಕೊಟ್ಟರು, 90 ವಯಸ್ಸಿಗೆ. ರಗ್ಬಿ ಲೀಗ್ ಆಟಗಾರನಿಗೆ ಅದೇ ಮೊದಲು. 130 ವರ್ಷದ ಆಟ, ಮೊದಲ ಸರ್ 2025ರಲ್ಲಿ! ನಾನು 1895ರ ಜಗಳ ಅಂದದ್ದು ಯಾಕೆ ಅಂತ ಈಗ ಅರ್ಥ ಆಯಿತಾ?

ಗೋಡಂಬಿ

ಈಗ ಬೆಂಗಳೂರಿಗೂ ರಗ್ಬಿ ತಂಡ ಇದೆಯಲ್ಲ, ಬ್ರೇವ್‌ಹಾರ್ಟ್ಸ್ ಅಂತ. ಟಿವಿಯಲ್ಲಿ ನೋಡಿದೆ.

ಸ್ಕೋರ್‌ಬುಕ್_ಶಾಸ್ತ್ರಿ

ಅದು ಏಳು ಜನರ ಆಟ. ಮತ್ತು ಅದು ಯೂನಿಯನ್ ಕಡೆಯದು.

ಗೋಡಂಬಿ

15, 13, 7... ಇನ್ನು ಐದು ಜನರದ್ದೂ ಇದ್ದರೆ ಈಗಲೇ ಹೇಳಿಬಿಡಿ.

ಬ್ರಾಡ್‌ಫರ್ಡ್_ಭಟ್ಟ

ಇನ್ನೊಂದು ವಿಷಯ. ಮೇ 5ರ ಆಡ್ಸಲ್ ದೇಶದ ಉಳಿದ ಭಾಗಕ್ಕೆ ಯಾಕೆ ಅಷ್ಟು ಬೇಗ ಮರೆತುಹೋಯಿತು ಗೊತ್ತಾ? ಮಾರನೇ ದಿನ, ಮೇ 6, ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿದ. ಅಲ್ಲಿ ಕೆಲವೇ ಸಾವಿರ ಜನ ಇದ್ದರು. ಲಕ್ಷ ಜನ ನೋಡಿದ್ದು ಉತ್ತರದವರ ಮನೆಮಾತಾಗಿ ಉಳಿಯಿತು, ಸಾವಿರ ಜನ ನೋಡಿದ್ದು ಶಾಲೆ ಪಾಠಕ್ಕೆ ಸೇರಿತು. ನಮ್ಮ ಮಗಳ ಪುಸ್ತಕದಲ್ಲಿ ಬ್ಯಾನಿಸ್ಟರ್ ಇದ್ದಾನೆ. ಹೆಲ್ಮ್ ಇಲ್ಲ. ಬ್ರಾಡ್‌ಫರ್ಡಿನ ಶಾಲೆಯಲ್ಲೇ ಇಲ್ಲ!

ಹುಬ್ಬಳ್ಳಿ_ಹುಲಿ

ರಗ್ಬಿ ಲೀಗ್ ಪಂದ್ಯಕ್ಕೆ ಅಷ್ಟು ಜನ ಬಂದ ಆಡ್ಸಲ್ ದಾಖಲೆ ಇನ್ನೂ ಇದೆಯಾ?

ಸ್ಕೋರ್‌ಬುಕ್_ಶಾಸ್ತ್ರಿ

ಜಗತ್ತಿನ ದಾಖಲೆ 45 ವರ್ಷ ಇತ್ತು. 1999ರಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್‌ಗೆ ಕಟ್ಟಿದ ಹೊಸ ಸ್ಟೇಡಿಯಂ ಮುರಿಯಿತು. ಅದೇ ವರ್ಷ ಆಸ್ಟ್ರೇಲಿಯಾ ಲೀಗಿನ ಗ್ರ್ಯಾಂಡ್ ಫೈನಲ್ಲಿಗೆ 1,07,999. ಆದರೆ ಅಲ್ಲಿ ಎಲ್ಲರಿಗೂ ಕುರ್ಚಿ, ಇಂಗ್ಲೆಂಡಿನಲ್ಲಿ ಕಸದ ದಿಬ್ಬ. ನನ್ನ ಪುಸ್ತಕದಲ್ಲಿ ಆಡ್ಸಲ್ ಇನ್ನೂ ಮೇಲೇ ಇದೆ.

ತಿಪಟೂರು_ವಾಸು

ಇವತ್ತು ಸಂಜೆ ಅಜ್ಜನ ಮನೆಗೆ ಹೋಗಿದ್ದೆ. ಕೋಡುಬಳೆ ತೆಗೆದುಕೊಂಡು ಹೋದೆ, ಅವರಿಗೆ ಅದು ಬಹಳ ಇಷ್ಟ, ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾರೆ (ನೋಡಲು ಆಗುವುದಿಲ್ಲ). ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಕೇಳಿದೆ.

ಆಗ ಅವರಿಗೆ ಒಂಬತ್ತು ವರ್ಷ. ಅಪ್ಪ ತಂತಿ ಕಾರ್ಖಾನೆಯಲ್ಲಿ ಕೆಲಸ. ವಾರಿಂಗ್ಟನ್ ತಂಡಕ್ಕೆ "ದ ವೈರ್" ಅಂತ ಹೆಸರು ಬಂದದ್ದೇ ಈ ಊರಿನ ತಂತಿ ಕಾರ್ಖಾನೆಗಳಿಂದ. ಮಧ್ಯಾಹ್ನ ಕೆಲಸ ಬಿಟ್ಟು ಹತ್ತು ಹನ್ನೆರಡು ಜನ ಒಂದು ಲಾರಿ ಹತ್ತಿದರು. ಈಗಿನ ಹಾಗೆ ಮೋಟರ್‌ವೇ ಇರಲಿಲ್ಲ, ಪೆನ್ನೈನ್ ಗುಡ್ಡ ಹತ್ತಿ ಇಳಿಯುವ ಒಂದೊಂದೇ ರಸ್ತೆ. ಗುಡ್ಡದ ಮೇಲೆ ಎಲ್ಲ ನಿಂತುಬಿಟ್ಟಿತು. ಬಸ್ಸು, ಲಾರಿ, ಮೋಟರ್ ಸೈಕಲ್, ಕಣ್ಣು ಹಾಯುವಷ್ಟು ದೂರ. ಕೊನೆಯ ಎರಡು ಮೈಲಿ ಇಳಿದು ಓಡಿದರಂತೆ. ಆಡ್ಸಲ್ ಬರುವ ಮೊದಲೇ ಒಳಗಿನ ಸದ್ದು ಕೇಳಿಸಿತು, ಸಮುದ್ರ ಇದೆ ಅಂದುಕೊಂಡೆ ಅಂದರು.

ಒಳಗೆ ಹೋದಾಗ ಅರ್ಧ ಆಟ ಮುಗಿದಿತ್ತು. ದುಡ್ಡು ಕೊಟ್ಟಿರಾ ಅಂತ ಕೇಳಿದೆ. "ಅಪ್ಪ ಕೊಡಲು ತೆಗೆದರು, ತೆಗೆದುಕೊಳ್ಳಲು ಯಾರೂ ಇರಲಿಲ್ಲ" ಅಂದರು. ಬೇಲಿ ಮಲಗಿತ್ತಂತೆ.

ಏನು ನೋಡಿದಿರಿ ಅಂದೆ. ಟೋಪಿ ನೋಡಿದೆ ಅಂದರು. ಎದುರಿಗೆ ಬರೀ ಟೋಪಿಗಳು. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಾಗ ಮೇಲೆ ಎದ್ದ ಸಿಗರೇಟ್ ಹೊಗೆ. ಒಂದು ಸಲ ಹೊಗೆ ಸರಿದಾಗ ಕೆಳಗೆ ದೂರದಲ್ಲಿ ಹಸಿರು, ಅದರ ಮೇಲೆ ಒಬ್ಬ ಬೋಳು ತಲೆಯವನು ಸುಮ್ನೆ ನಿಂತಿದ್ದ. "ಬೆವನ್. ಓಡುತ್ತಿರಲಿಲ್ಲ. ನಿಂತಿದ್ದ." ಅಷ್ಟೇ. ಹೆಲ್ಮ್ ಟ್ರೈ ಹಾಕಿದ್ದು ಪಕ್ಕದವರ ಕೂಗಿನಿಂದ ಗೊತ್ತಾಯಿತು. ಗೆದ್ದೆವು ಅಂತ ಗೊತ್ತಾದದ್ದು ಅಪ್ಪ ಅತ್ತಾಗ. ನೂಕುನುಗ್ಗಲಲ್ಲಿ ಎಡಗಾಲಿನ ಬೂಟು ಹೋಯಿತು, ಒಂದೇ ಬೂಟಿನಲ್ಲಿ ಲಾರಿ ತನಕ ನಡೆದರು, ಮನೆಗೆ ಬಂದಾಗ ನಡುರಾತ್ರಿ ಕಳೆದಿತ್ತು. ಅಮ್ಮ ಕಪ್ ಬಗ್ಗೆ ಕೇಳಲೇ ಇಲ್ಲ, ಬೂಟು ಎಲ್ಲಿ ಅಂದರಂತೆ. ಬೂಟು ಆಗ ಸಸಾರ ಅಲ್ಲ.

ಧಾರವಾಡ_ಪೇಡಾ

ಡೇನಿಯಲ್ಸ್??

ತಿಪಟೂರು_ವಾಸು

ಅದಕ್ಕೇ ಬರುತ್ತಿದ್ದೆ. ಅಜ್ಜಿಯ ಅಪ್ಪನೂ ಆವತ್ತು ಅಲ್ಲೇ ಇದ್ದರು, ಹ್ಯಾಲಿಫ್ಯಾಕ್ಸ್ ಕಡೆ. ಅಜ್ಜ ಮದುವೆ ಮಾತಿಗೆ ಮೊದಲ ಸಲ ಅವರ ಮನೆಗೆ ಹೋದಾಗ ಮಾವ ಕೇಳಿದ ಮೊದಲ ಪ್ರಶ್ನೆ "ಆಡ್ಸಲ್‌ನಲ್ಲಿ ಇದ್ದೆಯಾ?" ಇದ್ದೆ ಅಂದರು. ಎರಡನೆಯದು "ಡೇನಿಯಲ್ಸ್ ಟ್ರೈ ಹಾಕಿದನೋ ಇಲ್ಲವೋ?"

ಹುಡುಗಿ ಬೇಕು. "ಹಾಕಿದ ಸರ್, ನನ್ನ ಕಣ್ಣಾರೆ ನೋಡಿದೆ" ಅಂದುಬಿಟ್ಟರು.

ನನ್ನ ಹತ್ತಿರ ಇದನ್ನು ಪಿಸುಮಾತಲ್ಲಿ ಹೇಳಿ, ಅಡುಗೆಮನೆ ಕಡೆ ನೋಡಿ, "ನಾನು ನೋಡಿದ್ದು ಟೋಪಿ" ಅಂದರು. 50 ವರ್ಷ ದಾಟಿದ ಸಂಸಾರ, ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲವಂತೆ.

ಕಬಡ್ಡಿ_ಕಿಟ್ಟಿ

😂😂😂 ಅಜ್ಜನಿಗೆ ಸೂಪರ್ ರೈಡ್

ಹುಬ್ಬಳ್ಳಿ_ಹುಲಿ

ಆ ಒಂದು ಬೂಟಿನ ಫೋಟೋ ಇದ್ದರೆ ಹಾಕಿ.

ಲೀಡ್ಸ್_ಲಕ್ಷ್ಮಿ

ವಾಸು, ಅಜ್ಜಿಗೆ ಗೊತ್ತಿಲ್ಲ ಅಂತ ನೀವು ನಂಬಿದ್ದೀರಾ?

ತಿಪಟೂರು_ವಾಸು

ಗೇಟಿನ ತನಕ ಬಿಡಲು ಅಜ್ಜಿಯೇ ಬಂದರು. ಕೋಡುಬಳೆ ಡಬ್ಬಿ ತೊಳೆದು ಕೈಗೆ ಕೊಡುತ್ತಾ "ಟೋಪಿ ಕಥೆ ಹೇಳಿದನಾ?" ಅಂದರು.